ಶಿರಸಿಯ ಪಾಲು, ಇಲ್ಲಿಯ ವೋಚರ್

ಅಕ್ಕಾ, ನನಗೆ 46 ವರ್ಷ. ಕ್ಯಾಲಿಫೋರ್ನಿಯಾಕ್ಕೆ ಬಂದು ಹದಿನೇಳು ವರ್ಷವಾಯಿತು, ಗ್ರೀನ್ ಕಾರ್ಡ್ ಇದೆ. ನಮ್ಮ ಮನೆಯವರು ತೀರಿಕೊಂಡು ಆರು ವರ್ಷ. ಮಗಳು ಹತ್ತನೇ ಕ್ಲಾಸು, ಮಗ ಆರನೇ ಕ್ಲಾಸು. ವೇಟಿಂಗ್ ಲಿಸ್ಟಿನಲ್ಲಿ ಮೂರು ವರ್ಷ ಕಾದ ಮೇಲೆ, ಬಾಡಿಗೆಯ ಒಂದು ಭಾಗವನ್ನು ಸರ್ಕಾರ ಕೊಡುವ ಸೆಕ್ಷನ್ 8 ವೋಚರ್ ಸಿಕ್ಕಿತು. ಎರಡು ವರ್ಷದಿಂದ ಅದರ ಆಸರೆಯಲ್ಲೇ ಇದ್ದೇವೆ. ನಾನು ಒಂದು ಡೇಕೇರ್‌ನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡುತ್ತೇನೆ. ಈಗ 30 ಗಂಟೆ ಮಾಡು ಎನ್ನುತ್ತಿದ್ದಾರೆ. ದುಡಿದದ್ದೆಲ್ಲ ಬಾಡಿಗೆಗೇ ಹೋಗುವುದಾದರೆ ಒಪ್ಪಿಕೊಳ್ಳಲೋ ಬೇಡವೋ ತಿಳಿಯುತ್ತಿಲ್ಲ.

ವೋಚರ್ ಕೊಡುವ ಹೌಸಿಂಗ್ ಅಥಾರಿಟಿಯಿಂದ ದಪ್ಪ ಲಕೋಟೆ ಬಂದಿದೆ. ಮಗಳು ಓದಿ ಹೇಳಿದಳು. ಇವರದು ‘ಮೂವಿಂಗ್ ಟು ವರ್ಕ್’ ಸಂಸ್ಥೆಯಂತೆ, ಹಾಗಾಗಿ ಕೆಲವು ನಿಯಮ ಬೇರೆಯಂತೆ. ಪಕ್ಕದ ಕೌಂಟಿಯಲ್ಲಿರುವ ಗೆಳತಿಗೂ ವೋಚರ್ ಇದೆ. ಅವಳಿಗೆ ಮಕ್ಕಳ ಲೆಕ್ಕದಲ್ಲಿ ಕಳೆದು ಉಳಿದದ್ದರ ಮೇಲೆ ನೂರಕ್ಕೆ 30. ನನಗೆ ಏನೂ ಕಳೆಯದೆ ಪೂರ್ತಿ ಸಂಬಳದ ಮೇಲೆ ಲೆಕ್ಕ. ಹೀಗೂ ಇರುತ್ತದೆಯೇ? ಮನಸ್ಸಿಗೆ ಬಂದಂತೆ ನಮ್ಮನ್ನು ಹೊರಗೆ ಹಾಕಿದರೆ?

ಇನ್ನೊಂದು ವಿಷಯಕ್ಕೆ ನಿದ್ದೆ ಬರುತ್ತಿಲ್ಲ. ಬೇರೆ ದೇಶದಲ್ಲಿ ಮನೆ, ಜಮೀನು ಇದೆಯೇ ಎಂದು ಫಾರ್ಮಿನಲ್ಲಿ ಕೇಳಿದ್ದಾರೆ. ಶಿರಸಿಯ ಹತ್ತಿರ ಗಂಡನ ಮನೆಯವರ ಹಂಚಿನ ಮನೆ, ಸ್ವಲ್ಪ ಅಡಿಕೆ ತೋಟ ಇದೆ. ಅತ್ತೆ ಮತ್ತು ಭಾವ ಅಲ್ಲೇ ಇದ್ದಾರೆ. ಹಿಸ್ಸೆ ಆಗಿಲ್ಲ. ಮೊದಲ ಅರ್ಜಿಯಲ್ಲಿ ನಾನು ಇದನ್ನು ಬರೆದಿರಲಿಲ್ಲ, ನನ್ನದು ಎಂದು ಅನ್ನಿಸಿಯೇ ಇರಲಿಲ್ಲ. ದೇವಸ್ಥಾನದಲ್ಲಿ ಸಿಕ್ಕವರೊಬ್ಬರು ‘ಅಲ್ಲಿಯದು ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತದೆ, ಇಲ್ಲ ಎಂದು ಬರೆದುಬಿಡಿ’ ಎಂದರು. ಏನು ಮಾಡಲಿ?

— ಹೆಸರು ಬೇಡ, ಕ್ಯಾಲಿಫೋರ್ನಿಯಾ

ತಂಗೀ,

ನಿದ್ದೆ ಕೆಡಿಸಿದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ‘ಇಲ್ಲ’ ಎಂದು ಬರೆಯಬೇಡಿ. ನಿಮಗೆ ಬುದ್ಧಿ ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಆ ಫಾರ್ಮಿನ ಕೆಳಗೆ ಸಹಿ ಹಾಕುವವರು ಅವರಲ್ಲ. ಸುಳ್ಳು ಬರೆದರೆ ಶಿಕ್ಷೆಯಿದೆ ಎಂಬ ಎಚ್ಚರಿಕೆ ಆ ಸಹಿಯ ಪಕ್ಕದಲ್ಲೇ ಇರುತ್ತದೆ. ಮುಚ್ಚಿಟ್ಟದ್ದು ಮುಂದೊಂದು ದಿನ ಹೊರಬಿದ್ದರೆ ಅಷ್ಟು ವರ್ಷ ಪಡೆದ ನೆರವನ್ನು ಹಿಂದಿರುಗಿಸಿ ಎನ್ನಬಹುದು, ವೋಚರನ್ನೇ ಕಿತ್ತುಕೊಳ್ಳಬಹುದು. ಇನ್ನೂ ಪೌರತ್ವ ಪಡೆಯದ ನಿಮಗೆ ಇದರ ಪೆಟ್ಟು ವಸತಿಯ ಲೆಕ್ಕಕ್ಕೇ ನಿಲ್ಲದೆ ಹೋಗಬಹುದು.

ಮುಖ್ಯವಾದ ಮಾತೆಂದರೆ, ಈ ವಿಷಯದಲ್ಲಿ ಸತ್ಯ ಹೇಳಿದರೆ ನೀವು ಹೆದರಿದಷ್ಟು ನಷ್ಟವಿಲ್ಲ. 2016ರಲ್ಲಿ ಅಮೆರಿಕದ ಸಂಸತ್ತು ಒಂದು ವಸತಿ ಸುಧಾರಣಾ ಕಾನೂನು ಮಾಡಿತು. ಇಲ್ಲಿನವರು ಅದನ್ನು ಹಾಟ್ಮಾ ಎನ್ನುತ್ತಾರೆ. ಅದರ ಕೇಂದ್ರ ನಿಯಮಗಳು ಬಂದದ್ದು 2023ರಲ್ಲಿ, ಜಾರಿಯ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿದ್ದಾರೆ. ಕುಟುಂಬದ ಒಟ್ಟು ಆಸ್ತಿ 1 ಲಕ್ಷ ಡಾಲರ್ ಮೀರಿದ್ದರೆ ನೆರವಿಲ್ಲ, ವಾಸಕ್ಕೆ ಯೋಗ್ಯವಾದ ಸ್ವಂತ ಮನೆ ಇದ್ದು ಅಲ್ಲಿರುವ ಹಕ್ಕೂ ಇದ್ದರೆ ನೆರವಿಲ್ಲ ಎಂದು ಆ ಕಾನೂನು ಹೇಳುತ್ತದೆ. 1 ಲಕ್ಷದ ಮಿತಿಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತ ಹೋಗುತ್ತಾರೆ. ನಿಮ್ಮ ಫಾರ್ಮಿನ ಪ್ರಶ್ನೆಯ ಬೇರು ಇಲ್ಲಿದೆ.

ಅದೇ ನಿಯಮ ಕೆಲವರಿಗೆ ವಿನಾಯಿತಿ ಕೊಟ್ಟಿದೆ. ಮನೆ ಜಂಟಿ ಒಡೆತನದ್ದಾಗಿದ್ದು, ನಿಮ್ಮ ಜೊತೆ ವಾಸಿಸದ ಇನ್ನೊಬ್ಬ ಪಾಲುದಾರರು ಆ ಮನೆಯಲ್ಲೇ ಇದ್ದರೆ ಈ ಮನೆಯ ಷರತ್ತು ಅನ್ವಯಿಸುವುದಿಲ್ಲ. ನಿಮ್ಮ ಭಾವ ಇರುವುದು ಹಾಗೆಯೇ ಅಲ್ಲವೇ? ಅದು ಸಾಲದಿದ್ದರೆ, ಕೆಲಸಕ್ಕೂ ಮಕ್ಕಳ ಶಾಲೆಗೂ ಹೋಗಿಬರಲಾಗದಷ್ಟು ದೂರದ ಮನೆಯನ್ನು ‘ವಾಸಕ್ಕೆ ಯೋಗ್ಯ’ ಎಂದು ಎಣಿಸುವುದಿಲ್ಲ. ಶಿರಸಿಯಿಂದ ದಿನಾ ಕ್ಯಾಲಿಫೋರ್ನಿಯಾದ ಶಾಲೆಗೆ ಯಾವ ಮಗು ಹೋಗಿಬಂದೀತು?

ಉಳಿಯುವುದು ಆಸ್ತಿಯ ಬೆಲೆಯ ಪ್ರಶ್ನೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೋಟವೂ ಲೆಕ್ಕಕ್ಕೆ ಬರುತ್ತದೆ, ಶಿರಸಿಯ ಕಡೆ ಅಡಿಕೆ ತೋಟದ ಬೆಲೆ ಎಷ್ಟು ಏರಿದೆ ಎಂದು ನಿಮಗೇ ಗೊತ್ತು. ಆದರೆ ಆಸ್ತಿ ಇರುವ ಊರಿನ ಕಾನೂನಿನ ಪ್ರಕಾರ ಅದನ್ನು ಮಾರುವ ನಿಜವಾದ ಅಧಿಕಾರ ನಿಮಗೆ ಇಲ್ಲದಿದ್ದರೆ ಅದನ್ನು ಲೆಕ್ಕದಿಂದ ಬಿಡಬೇಕೆಂದೂ ನಿಯಮವಿದೆ. ಹಿಸ್ಸೆಯಾಗದ ಆಸ್ತಿಯಲ್ಲಿ ನಿಮ್ಮ ಪಾಲು ಎಷ್ಟು, ನೀವೊಬ್ಬರೇ ಅದನ್ನು ಮಾರಬಹುದೇ ಎಂದು ಹೇಳಬೇಕಾದವರು ಶಿರಸಿಯ ವಕೀಲರು. ಪಹಣಿ ಯಾರ ಹೆಸರಿನಲ್ಲಿದೆ, ಯಜಮಾನರು ಹೋದ ಮೇಲೆ ಪೌತಿ ಖಾತೆ ಆಗಿದೆಯೇ, ಮನೆಯ ಪಂಚಾಯಿತಿ ದಾಖಲೆಯಲ್ಲಿ ಯಾರ ಹೆಸರಿದೆ ಎಂದು ನೋಡಿ ಅವರು ಒಂದು ಪುಟದ ಅಭಿಪ್ರಾಯ ಬರೆದುಕೊಡಲಿ. ತೋಟದ ಉತ್ಪನ್ನದಲ್ಲಿ ಭಾವ ನಿಮಗೆ ಹಣ ಕಳಿಸುತ್ತಿದ್ದರೆ ಅದನ್ನೂ ಹೇಳಬೇಕಾಗುತ್ತದೆ.

ಈಗಾಗಲೇ ವೋಚರ್ ಇರುವವರ ಮೇಲೆ ಈ ಆಸ್ತಿ ಮಿತಿಯನ್ನು ಪೂರ್ತಿ ಹೇರಬೇಕೋ, ಸರಿಪಡಿಸಿಕೊಳ್ಳಲು ಆರು ತಿಂಗಳವರೆಗೆ ಸಮಯ ಕೊಡಬೇಕೋ, ಹೇರದೆಯೇ ಬಿಡಬೇಕೋ ಎಂಬುದನ್ನು ಕೇಂದ್ರದ ನಿಯಮ ಆಯಾ ಊರಿನ ಹೌಸಿಂಗ್ ಅಥಾರಿಟಿಗೇ ಬಿಟ್ಟಿದೆ. ಹೊಸದಾಗಿ ಸೇರುವವರಿಗೆ ಈ ಸಡಿಲ ಇಲ್ಲ, ಒಳಗಿರುವವರಿಗೆ ಇದೆ. ನಿಮ್ಮ ಅಥಾರಿಟಿ ಯಾವ ದಾರಿ ಹಿಡಿದಿದೆ ಎಂಬುದು ಅವರ ‘ಅಡ್ಮಿನಿಸ್ಟ್ರೇಟಿವ್ ಪ್ಲಾನ್’ ಎಂಬ ಪುಸ್ತಕದಲ್ಲಿ ಬರೆದಿರಬೇಕು. ಅದು ಗುಟ್ಟಿನ ಪುಸ್ತಕವಲ್ಲ, ಯಾರು ಬೇಕಾದರೂ ಕೇಳಿ ನೋಡಬಹುದು. ‘ಆಸ್ತಿ ಮಿತಿಯ ಬಗ್ಗೆ ನಿಮ್ಮ ನೀತಿ ಯಾವ ಪುಟದಲ್ಲಿದೆ’ ಎಂದು ಇಮೇಲಿನಲ್ಲಿ ಕೇಳಿ. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗಬೇಡಿ.

ಮೊದಲ ಅರ್ಜಿಯಲ್ಲಿ ಬರೆಯದೆ ಬಿಟ್ಟ ವಿಷಯವೊಂದಿದೆ. ಅದಕ್ಕಾಗಿ ಫಾರ್ಮ್ ಕೊಡುವ ಮೊದಲು ನಿಮ್ಮ ಕೌಂಟಿಯ ಉಚಿತ ಕಾನೂನು ನೆರವಿನ ವಕೀಲರನ್ನು ಒಮ್ಮೆ ಕಾಣಿ. ಗಂಡನ ಮನೆಯ ಹಿಸ್ಸೆಯಾಗದ ಆಸ್ತಿ ತನ್ನದೂ ಹೌದು ಎಂದು ಅನೇಕ ಹೆಣ್ಣುಮಕ್ಕಳಿಗೆ ಯಾರೂ ಹೇಳಿಯೇ ಇರುವುದಿಲ್ಲ. ‘ನನ್ನದು ಎಂದು ಅನ್ನಿಸಿಯೇ ಇರಲಿಲ್ಲ’ ಎಂದು ನೀವು ನನಗೆ ಬರೆದ ವಾಕ್ಯವನ್ನೇ ಆ ವಕೀಲರಿಗೂ ಹೇಳಿ, ಅದು ನಿಜ.

ಇನ್ನು ಗೆಳತಿಗೊಂದು, ನಿಮಗೊಂದು ಏಕೆ ಎಂಬ ಪ್ರಶ್ನೆ.

ವೋಚರಿನ ಹಣ ಬರುವುದು ವಾಷಿಂಗ್ಟನ್ನಿನಿಂದ, ‘ಹಡ್’ ಎಂದು ಕರೆಯುವ ಕೇಂದ್ರ ವಸತಿ ಇಲಾಖೆಯಿಂದ. ಅದನ್ನು ಹಂಚುವವರು ದೇಶದ ಉದ್ದಗಲಕ್ಕೆ ಇರುವ ಎರಡು ಸಾವಿರಕ್ಕೂ ಮೀರಿದ ಸ್ಥಳೀಯ ಸಂಸ್ಥೆಗಳು. ಬಡವರ ಬಾಡಿಗೆಗೆ ಮಿತಿ ಹಾಕಬೇಕೆಂದು ಮೊದಲು ಕಾನೂನಾದದ್ದು 1969ರಲ್ಲಿ, ಆಗ ಆದಾಯದ ನೂರಕ್ಕೆ 25. 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಸೆಕ್ಷನ್ 8 ಬಂದದ್ದು 1974ರಲ್ಲಿ. ನಿಮ್ಮ ಗೆಳತಿಯ ಲೆಕ್ಕ ಈ ಹಳೆಯ ದಾರಿಯದ್ದು.

1996ರಲ್ಲಿ ಸಂಸತ್ತು ‘ಮೂವಿಂಗ್ ಟು ವರ್ಕ್’ ಎಂಬ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಆಯ್ದ ಕೆಲವು ಸಂಸ್ಥೆಗಳು ಕೇಂದ್ರದ ಬಹಳಷ್ಟು ನಿಯಮಗಳನ್ನು ಬದಿಗಿಟ್ಟು ತಮ್ಮ ಊರಿಗೆ ಹೊಂದುವ ನಿಯಮ ಮಾಡಿಕೊಳ್ಳಬಹುದು, ಬೇರೆ ಬೇರೆ ಲೆಕ್ಕದಲ್ಲಿ ಬರುವ ಹಣವನ್ನು ಒಟ್ಟುಗೂಡಿಸಿ ಖರ್ಚು ಮಾಡಬಹುದು. ಖರ್ಚು ತಗ್ಗಿಸುವುದು, ಮಕ್ಕಳಿರುವ ಕುಟುಂಬಗಳು ದುಡಿದು ಸ್ವಂತ ಕಾಲಿನ ಮೇಲೆ ನಿಲ್ಲುವಂತೆ ಮಾಡುವುದು, ಬಡವರಿಗೆ ಮನೆಯ ಆಯ್ಕೆ ಹೆಚ್ಚಿಸುವುದು ಇದರ ಗುರಿ. ಮೊದಲು ಇದ್ದದ್ದು 39 ಸಂಸ್ಥೆಗಳು, 2016ರ ಬಜೆಟ್ ಕಾನೂನಿನಲ್ಲಿ ಇನ್ನೂ 100 ಸೇರಿಸಲು ಅನುಮತಿ ಸಿಕ್ಕಿತು. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಸಾಂಟಾ ಕ್ಲಾರಾ ಕೌಂಟಿ, ಓಕ್‌ಲೆಂಡ್, ಸ್ಯಾನ್ ಡಿಯಾಗೊ, ಸ್ಯಾನ್ ಮಟೇಯೊ ಹಳೆಯ ಪಟ್ಟಿಯಲ್ಲೇ ಇವೆ.

ಈ ಸ್ವಾತಂತ್ರ್ಯದಿಂದ ಒಳ್ಳೆಯದೂ ಆಗಿದೆ, ಬಡವರ ಮೇಲೆ ಭಾರವೂ ಬಿದ್ದಿದೆ. 2013ರಲ್ಲಿ ವಾಷಿಂಗ್ಟನ್ ಇದ್ದಕ್ಕಿದ್ದಂತೆ ಬಜೆಟ್ ಕಡಿದಾಗ ಸಾಂಟಾ ಕ್ಲಾರಾ ಕೌಂಟಿಯ ಸಂಸ್ಥೆ, ಇರುವ ಕುಟುಂಬಗಳನ್ನು ಕೈಬಿಡಬಾರದೆಂದು, ಬಾಡಿಗೆದಾರರ ಪಾಲನ್ನು ಒಟ್ಟು ಆದಾಯದ ನೂರಕ್ಕೆ 35ಕ್ಕೆ ಏರಿಸಿತು. ಆಮೇಲೆ 32ಕ್ಕೆ ಇಳಿಸಿತು. ಯಾರೂ ಬೀದಿಗೆ ಬೀಳದಿರಲಿ ಎಂದು ಎಲ್ಲರ ತಟ್ಟೆಯಿಂದ ಒಂದೊಂದು ತುತ್ತು ತೆಗೆದಂತೆ. ಕೆಲವು ಕಡೆ ನೆರವಿಗೇ ಐದು ವರ್ಷದ ಗಡುವು ಹಾಕಿದರು, ಕೆಲವು ಕಡೆ ಕೆಲಸ ಮಾಡಲೇಬೇಕೆಂಬ ಷರತ್ತು ಬಂತು. ಹಲವು ಸಂಸ್ಥೆಗಳು ಆದಾಯದ ಪರಿಶೀಲನೆಯನ್ನು ಪ್ರತಿವರ್ಷದ ಬದಲು ಎರಡು ಅಥವಾ ಮೂರು ವರ್ಷಕ್ಕೊಮ್ಮೆ ಮಾಡಿ ಜನರ ಓಡಾಟ ತಪ್ಪಿಸಿದವು. ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ: ಕಾಗದಪತ್ರ ಕಡಿಮೆ ಮಾಡುವ ಸ್ವಾತಂತ್ರ್ಯಕ್ಕೆ ನನ್ನ ಒಪ್ಪಿಗೆಯಿದೆ. ಒಂದೇ ಸಂಬಳದ ಇಬ್ಬರು ತಾಯಂದಿರು, ನಡುವೆ ಕೌಂಟಿಯ ಗಡಿಯೊಂದು ಇದೆ ಎಂಬ ಕಾರಣಕ್ಕೆ ಬೇರೆ ಬೇರೆ ಬಾಡಿಗೆ ಕೊಡುವುದು ನನಗೆ ಸರಿಕಾಣುವುದಿಲ್ಲ.

ಆದರೂ ‘ಮನಸ್ಸಿಗೆ ಬಂದಂತೆ’ ಎಂಬ ನಿಮ್ಮ ಭಯ ಬೇಡ. ಹಿಂದೆ ಎಷ್ಟು ಕುಟುಂಬಗಳಿಗೆ ನೆರವು ಸಿಗುತ್ತಿತ್ತೋ ಹೆಚ್ಚುಕಡಿಮೆ ಅಷ್ಟಕ್ಕೇ ಈ ಸಂಸ್ಥೆಗಳು ಕೊಡುತ್ತಿರಬೇಕು. ನೆರವು ಪಡೆಯುವ ಕುಟುಂಬಗಳಲ್ಲಿ ನೂರಕ್ಕೆ 75ರಷ್ಟಾದರೂ ತೀರ ಕಡಿಮೆ ಆದಾಯದವರಿರಬೇಕು. ಮನೆಗಳು ವಾಸಯೋಗ್ಯವೆಂದು ಪರಿಶೀಲಿಸಬೇಕು. ಬಾಡಿಗೆಯ ಲೆಕ್ಕ ಬದಲಿಸಿದರೆ, ತಾಳಿಕೊಳ್ಳಲಾಗದವರಿಗೆ ‘ಹಾರ್ಡ್‌ಶಿಪ್’ ಎಂಬ ವಿನಾಯಿತಿಯ ದಾರಿ ಇಟ್ಟಿರಬೇಕು. ವೋಚರ್ ನಿಲ್ಲಿಸುವುದಾದರೆ ಕಾರಣ ಬರೆದು ನೋಟಿಸ್ ಕೊಡಬೇಕು, ನೀವು ಕೇಳಿದರೆ ವಿಚಾರಣೆ ನಡೆಸಬೇಕು. ವಿಚಾರಣೆ ಕೇಳಲು ನೋಟಿಸಿನಲ್ಲೇ ಗಡುವು ಇರುತ್ತದೆ. ಅಂಥ ನೋಟಿಸ್ ಎಂದಾದರೂ ಬಂದರೆ ಅದನ್ನು ಫ್ರಿಜ್ಜಿನ ಮೇಲೆ ಇಟ್ಟು ಮರೆಯಬೇಡಿ.

ಕೆಲಸದ ಮಾತಿಗೆ ಬರೋಣ. ಗಂಟೆಗೆ 20 ಡಾಲರ್ ಎಂದು ಇಟ್ಟುಕೊಂಡರೆ, ವಾರಕ್ಕೆ ಹತ್ತು ಗಂಟೆ ಹೆಚ್ಚಾದಾಗ ತಿಂಗಳಿಗೆ 860 ಡಾಲರ್ ಆಸುಪಾಸು ಬರುತ್ತದೆ. ಸಾಂಟಾ ಕ್ಲಾರಾದಂತೆ ನೂರಕ್ಕೆ 32ರ ಲೆಕ್ಕ ಹಿಡಿದರೆ ಬಾಡಿಗೆಗೆ 275 ಹೋದೀತು. ತೆರಿಗೆ ಸ್ವಲ್ಪ ಹೋದೀತು, ಕ್ಯಾಲ್‌ಫ್ರೆಶ್ ಎಂಬ ಆಹಾರದ ನೆರವು ಇದ್ದರೆ ಅದೂ ಕಡಿಮೆಯಾದೀತು. ಆದರೂ ಕೈಗೆ ಉಳಿಯುತ್ತದೆ, ಎಲ್ಲವೂ ಬಾಡಿಗೆಗೇ ಹೋಗುವುದಿಲ್ಲ. ನಿಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಪರಿಶೀಲನೆ ಎಂದಿದ್ದರೆ, ನಡುವೆ ಏರಿದ ಸಂಬಳವನ್ನು ಮುಂದಿನ ಪರಿಶೀಲನೆಯವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳದಿರಲೂಬಹುದು. ನಿಮ್ಮ ಗೆಳತಿಗೆ ಇಲ್ಲದ ಅನುಕೂಲ ಅದು. ಸಂಬಳ ಏರಿದ್ದನ್ನು ಎಷ್ಟು ದಿನದೊಳಗೆ ತಿಳಿಸಬೇಕು ಎಂಬುದನ್ನು ಅದೇ ‘ಅಡ್ಮಿನಿಸ್ಟ್ರೇಟಿವ್ ಪ್ಲಾನ್’ ಪುಸ್ತಕದಲ್ಲಿ ನೋಡಿ, ಅದರಂತೆ ತಿಳಿಸಿ.

30 ಗಂಟೆಗೆ ಒಪ್ಪಿಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ‘ಫ್ಯಾಮಿಲಿ ಸೆಲ್ಫ್ ಸಫಿಶಿಯೆನ್ಸಿ’ ಎಂಬ ಯೋಜನೆ ನಿಮ್ಮಲ್ಲಿ ಇದೆಯೇ ಎಂದು ವಿಚಾರಿಸಿ. 1990ರಿಂದ ಇರುವ ಯೋಜನೆ ಇದು. ಇದಕ್ಕೆ ಸೇರಿದವರ ದುಡಿಮೆ ಹೆಚ್ಚಿ ಬಾಡಿಗೆ ಏರಿದಾಗ, ಏರಿದ ಮೊತ್ತಕ್ಕೆ ತಕ್ಕಷ್ಟು ಹಣವನ್ನು ಸಂಸ್ಥೆ ಅವರ ಹೆಸರಿನಲ್ಲಿ ಜಮಾ ಮಾಡುತ್ತ ಹೋಗುತ್ತದೆ. ಸಾಮಾನ್ಯವಾಗಿ ಐದು ವರ್ಷದ ಒಪ್ಪಂದ. ಒಪ್ಪಿಕೊಂಡ ಗುರಿ ಮುಟ್ಟಿದರೆ ಆ ಗಂಟು ನಿಮ್ಮದು. ಸೇರುವಾಗ ನಿಮ್ಮ ಆದಾಯ ಎಷ್ಟಿತ್ತೋ ಅದೇ ಬುನಾದಿ, ಅದರಿಂದ ಮೇಲೇರಿದ್ದಕ್ಕೆ ಮಾತ್ರ ಉಳಿತಾಯ. ಹಾಗಾಗಿ ಮೊದಲು ಈ ಯೋಜನೆಗೆ ಸೇರಿ, ಆಮೇಲೆ ಗಂಟೆ ಹೆಚ್ಚಿಸಿಕೊಳ್ಳಿ. ಹಿಂದುಮುಂದಾದರೆ ಮಗಳ ಕಾಲೇಜಿಗೆ ಆಗುವ ಹಣ ಕೈತಪ್ಪುತ್ತದೆ. ಡೇಕೇರಿನವರಿಗೆ ಒಂದು ತಿಂಗಳು ಸಮಯ ಕೇಳಿ ನೋಡಿ.

ನಾಚಿಕೆಯ ಮಾತನ್ನು ನೀವು ಬರೆದಿಲ್ಲ, ಆದರೆ ‘ಹೆಸರು ಬೇಡ’ ಎಂಬುದರಲ್ಲಿ ಅದು ನನಗೆ ಕೇಳಿಸಿತು. ಈ ದೇಶದಲ್ಲಿ ನೆರವಿಗೆ ಅರ್ಹವಾದ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಬಾಡಿಗೆಯ ನೆರವು ಸಿಗುತ್ತದೆ. ಮೂರು ವರ್ಷ ಸರದಿಯಲ್ಲಿ ನಿಂತು, ಎರಡು ಮಕ್ಕಳನ್ನು ಒಬ್ಬರೇ ಸಾಕುತ್ತ, ಬೇರೆಯವರ ಮಕ್ಕಳನ್ನೂ ನೋಡಿಕೊಂಡು ದುಡಿಯುತ್ತಿರುವವರು ನೀವು. ಕನ್ನಡ ಕೂಟದಲ್ಲಿ ನಿಮ್ಮ ಪಕ್ಕ ಕೂತವರಲ್ಲೂ ಇದೇ ಲಕೋಟೆಗೆ ಹೆದರಿ ಕೂತವರು ಇದ್ದಿರಬಹುದು.

ಮತ್ತೊಂದು ವಿನಂತಿ. ಹೌಸಿಂಗ್ ಅಥಾರಿಟಿಗೆ ಹೋಗುವಾಗ ಮಗಳನ್ನು ದುಭಾಷಿಯಾಗಿ ಕರೆದೊಯ್ಯಬೇಡಿ. ಕನ್ನಡ ಬಲ್ಲ ದುಭಾಷಿ ಬೇಕೆಂದು ಮೊದಲೇ ಬರೆದು ಕೇಳಿ. ಹಡ್ ಮಾನ್ಯತೆಯ ವಸತಿ ಸಲಹಾ ಕೇಂದ್ರದವರು ಸಿಕ್ಕರೆ ಅವರನ್ನು ಜೊತೆಗೆ ಕರೆದುಕೊಳ್ಳಿ. ‘ನಮ್ಮನ್ನು ಹೊರಗೆ ಹಾಕುತ್ತಾರಾ ಅಮ್ಮಾ’ ಎಂದು ಒಳಗೊಳಗೇ ಕೇಳಿಕೊಳ್ಳುತ್ತ ಆ ಕಾಗದವನ್ನು ಓದಿದವಳು ಹತ್ತನೇ ಕ್ಲಾಸಿನ ಹುಡುಗಿ.

ಭಾವನವರಿಗೆ ಈ ವಾರವೇ ಫೋನ್ ಮಾಡಿ. ಪಹಣಿ, ಖಾತೆಯ ನಕಲು, ವಕೀಲರ ಪತ್ರ ತರಿಸಿಕೊಳ್ಳಿ. ಇಂಗ್ಲಿಷಿಗೆ ಅನುವಾದ ಮಾಡಿಸುವ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಕಾಗದ ಕನ್ನಡದಲ್ಲಿ ಇರುತ್ತದೆ. ಅದನ್ನು ನೀವು ಅವಳಿಗೆ ಓದಿ ಹೇಳಿ.