ಟೆಂಡರ್‌ನಲ್ಲಿ ಒಂದು ರೇಟು, ತೂಕದ ಹೊತ್ತಿಗೆ ಇನ್ನೊಂದು: ತಕರಾರು ಖರೀದಿದಾರರ ಜೊತೆ ವ್ಯವಹಾರ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತುಮಕೂರು ಮಾರುಕಟ್ಟೆಗೆ ಹುಣಸೆಹಣ್ಣು ಹರಿದು ಬರುತ್ತೆ. ಗುಬ್ಬಿ ಕಡೆಯಿಂದ ಅಡಿಕೆ, ಕೊಬ್ಬರಿ ಜೊತೆಗೆ ನಾಲ್ಕು ಚೀಲ ಹುಣಸೆ ಹಾಕ್ಕೊಂಡು ಬರೋರು, ಕುಣಿಗಲ್ ಕಡೆಯಿಂದ ಟೆಂಪೋ ಮಾಡ್ಕೊಂಡು ಬರೋರು, ಎಲ್ಲರೂ ಸೇರ್ತಾರೆ. ಈ ದಿನಗಳಲ್ಲಿ ನನ್ನನ್ನು ಜನ ಕೇಳೋದು "ರೇಟು ಎಷ್ಟು" ಅಂತ ಅಲ್ಲ. "ಟೆಂಡರ್‌ನಲ್ಲಿ ಒಂದು ರೇಟು ಬಿತ್ತು, ತೂಕಕ್ಕೆ ಬಂದಾಗ ಮಾಲು ಸರಿಯಿಲ್ಲ ಅಂತ ಇನ್ನೊಂದು ಹೇಳ್ತಾವ್ರೆ, ಏನ್ ಮಾಡೋದು?" ಅಂತ. ಈ ವಾರ ಅದನ್ನೇ ಬರೆಯುತ್ತೇನೆ. ನಾನೂ ಗುಬ್ಬಿ ತಾಲ್ಲೂಕಿನವನು, ವರ್ಷಾ ವರ್ಷ ಅಡಿಕೆ ಮತ್ತು ಹುಣಸೆ ಮಾರುವವನು. ಹಾಗಾಗಿ ಪುಸ್ತಕದ ಮಾತಿಗಿಂತ ಅಂಗಳದ ಮಾತು ಸ್ವಲ್ಪ ಜಾಸ್ತಿ ಇರುತ್ತೆ.

ಮೊದಲು ವ್ಯವಸ್ಥೆ ಗೊತ್ತಿರಲಿ. 2014ರಲ್ಲಿ ನಮ್ಮ ರಾಜ್ಯ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿತು. ಅದನ್ನು ನಡೆಸೋಕೆ ಅಂತಲೇ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಅನ್ನೋ ಕಂಪನಿ ಆಯಿತು. ಕೇಂದ್ರದ ಇ-ನಾಮ್ ಬಂದದ್ದು ಅದಾದ ಮೇಲೆ, 2016ರ ಏಪ್ರಿಲ್ 14ರಂದು. ನಮ್ಮ ಇ-ಟೆಂಡರ್ ಹೀಗೆ: ಮಾಲು ಅಂಗಳಕ್ಕೆ ಬಂದಾಗ ನಮೂದಾಗಿ ಅದಕ್ಕೊಂದು ಲಾಟ್ ನಂಬರ್ ಬೀಳುತ್ತೆ. ಖರೀದಿದಾರರು ಅಂಗಡಿ ಅಂಗಡಿ ಸುತ್ತಿ ಮಾಲು ನೋಡಿ, ಕಂಪ್ಯೂಟರ್‌ನಲ್ಲೋ ಮೊಬೈಲ್‌ನಲ್ಲೋ ದರ ಹಾಕ್ತಾರೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣೋದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚು ಹಾಕಿದವನ ಹೆಸರು ಬರುತ್ತೆ, ನಮ್ಮ ಮೊಬೈಲ್‌ಗೆ ಮೆಸೇಜೂ ಬರುತ್ತೆ. ಆ ದರ ಒಪ್ಪೋದು ಬಿಡೋದು ರೈತನ ಇಷ್ಟ. ಬೇಡ ಅಂದ್ರೆ ಮುಂದಿನ ಟೆಂಡರ್‌ಗೆ ಇಡಬಹುದು.

ಈ ಕೊನೆಯ ಮಾತನ್ನು ಬಹಳ ಜನ ಮರೀತಾರೆ. ದರ ಬಿದ್ದ ಕೂಡಲೇ ಮಾರಾಟ ಆಗಿಹೋಯ್ತು ಅಂದ್ಕೊಳ್ತಾರೆ. ಇನ್ನು ಕೆಲವರ ಲಾಟ್‌ಗೆ ಅಂಗಡಿಯವರ ನಂಬರೋ, ಇನ್ಯಾರದೋ ನಂಬರೋ ಕೊಟ್ಟಿರುತ್ತೆ. ಮೆಸೇಜು ಅವರಿಗೆ ಹೋಗುತ್ತೆ, ಒಪ್ಪಿಗೆಯೂ ಅವರ ಬಾಯಲ್ಲೇ ಆಗಿಹೋಗುತ್ತೆ. ಆದ್ದರಿಂದ ನಮೂದಾಗುವಾಗ ಪಕ್ಕದಲ್ಲೇ ನಿಂತು ನಿಮ್ಮ ಹೆಸರು, ನಿಮ್ಮ ಕೈಲಿರೋ ಫೋನಿನ ನಂಬರ್, ಚೀಲದ ಲೆಕ್ಕ ಇಷ್ಟನ್ನು ಬರೆಸಿ. ಇದೊಂದು ಮಾಡಿದರೆ ಅರ್ಧ ತಕರಾರು ಹುಟ್ಟೋದೇ ಇಲ್ಲ.

ತಕರಾರು ಎಲ್ಲಿ ಹುಟ್ಟುತ್ತೆ

ಚೇಳೂರಿನ ಹಲಸಿನ ಸಂತೆಯಲ್ಲಿ ವ್ಯಾಪಾರ ಕಣ್ಣೆದುರು. ಹಣ್ಣು ತಟ್ಟಿ ನೋಡಿ, ಚೌಕಾಸಿ ಮಾಡಿ, ದುಡ್ಡು ಎಣಿಸಿ ಕೊಟ್ಟು ಹೋಗ್ತಾರೆ. ಅಲ್ಲಿ ಚೌಕಾಸಿ ದರಕ್ಕಿಂತ ಮೊದಲು. ಇ-ಟೆಂಡರ್‌ನಲ್ಲಿ ತಕರಾರು ಮಾಡೋನು ಅದೇ ಚೌಕಾಸಿಯನ್ನು ದರ ಆದ ಮೇಲಕ್ಕೆ ತಳ್ತಾನೆ. ಎಲ್ಲರಿಗಿಂತ ಮೇಲೆ ದರ ಹಾಕಿ ಲಾಟ್ ಹಿಡಿದುಕೊಳ್ತಾನೆ. ಉಳಿದ ಖರೀದಿದಾರರು ಬೇರೆ ಮಾಲು ನೋಡ್ಕೊಂಡು ಹೋಗಿರ್ತಾರೆ. ಸಂಜೆ ತೂಕಕ್ಕೆ ಬಂದು ಚೀಲಕ್ಕೆ ಕೈ ಹಾಕಿ "ಒಳಗೆ ತೇವ ಐತೆ, ಬೀಜ ಉಳಿದೈತೆ, ನಾರು ಜಾಸ್ತಿ, ನಾನೂರು ಕಮ್ಮಿ ಮಾಡ್ಕೊಳ್ಳಿ" ಅಂತಾನೆ. ಟೆಂಪೋದವನು ಹಾರ್ನ್ ಹೊಡೀತಾ ಇರ್ತಾನೆ, ಕುಣಿಗಲ್ ಬಸ್ಸಿಗೆ ಹೊತ್ತಾಗಿರುತ್ತೆ. ರೈತ ಆಗಲಿ ಬಿಡಪ್ಪ ಅಂತಾನೆ.

ಆ ಬಿಡಪ್ಪನ ಬೆಲೆ ಎಷ್ಟು ಅಂತ ಒಂದ್ಸಲ ಲೆಕ್ಕ ಹಾಕಿ. ಉದಾಹರಣೆಗೆ 12 ಕ್ವಿಂಟಾಲ್ ಬೀಜ ತೆಗೆದ ಹುಣಸೆ, 50 ಕೆಜಿಯ 24 ಚೀಲ, ಟೆಂಡರ್ ದರ ಕ್ವಿಂಟಾಲಿಗೆ 14,200 ಅಂತ ಇಟ್ಕೊಳ್ಳಿ. ಕ್ವಿಂಟಾಲಿಗೆ 400 ಬಿಟ್ಟರೆ 4,800 ರೂಪಾಯಿ. ಅದರ ಮೇಲೆ ಚೀಲಕ್ಕೊಂದು ಕೆಜಿ ಸೂಟು ಹಿಡಿದರೆ 24 ಕೆಜಿ, ಅಂದರೆ ಇನ್ನೂ 3,312. ಒಟ್ಟು 8,112 ರೂಪಾಯಿ. ಮರ ಹತ್ತಿದವನ ಕೂಲಿ, ಕುಟ್ಟಿ ಬೀಜ ಬಿಡಿಸಿದ ಹೆಂಗಸರ ಕೂಲಿ ಕೊಟ್ಟು ನಮಗೆ ಉಳಿಯೋದರಲ್ಲಿ ಇದು ಎಷ್ಟು ಪಾಲು ಅಂತ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ.

ಇಲ್ಲೊಂದು ಮಾತು ನಮ್ಮ ಕಡೆಗೂ ಹೇಳಲೇಬೇಕು. ಚೀಲದ ಬಾಯಲ್ಲಿ ಒಳ್ಳೆ ಹಣ್ಣು, ತಳದಲ್ಲಿ ಹೋದ ವರ್ಷದ ಕಪ್ಪಾದ ಹಣ್ಣು ತುಂಬಿ ತರೋರೂ ಇದ್ದಾರೆ. ಅಂಥ ಮಾಲಿಗೆ ಖರೀದಿದಾರ ತಕರಾರು ತೆಗೆದರೆ ಅದು ನ್ಯಾಯವೇ. ಒಬ್ಬರು ಹೀಗೆ ಮಾಡಿದರೆ ಆ ಊರಿನ ಮಾಲಿಗೆಲ್ಲ ಅನುಮಾನ ಬರುತ್ತೆ. ಹೊಸ ಹುಣಸೆ, ಹಳೇ ಹುಣಸೆ ಬೇರೆ ಬೇರೆ ಲಾಟ್ ಮಾಡಿ. ಅಡಿಕೆಯಲ್ಲೂ ಅಷ್ಟೇ, ರಾಶಿ ಜೊತೆ ಗೊರಬಲು ಸೇರಿಸಬೇಡಿ. ಬೆರೆಸಿದ ಲಾಟ್‌ಗೆ ಬೀಳೋದು ಕೆಟ್ಟ ಮಾಲಿನ ದರವೇ.

ದರಕ್ಕೆ ಮೊದಲೇ ಸಾಕ್ಷಿ

ನಾನು ಮಾಡೋದು ಇಷ್ಟು. ಅಂಗಳದಲ್ಲಿ ಚೀಲ ಇಳಿಸಿದ ಮೇಲೆ ಎರಡು ಮೂರು ಚೀಲ ಪೂರ್ತಿ ಸುರಿದು ಇಡ್ತೀನಿ, ಬಾಯಿ ಬಿಚ್ಚಿ ಇಡೋದು ಸಾಲದು. ಲಾಟ್ ನಂಬರಿನ ಚೀಟಿ ಕಾಣೋ ಹಾಗೆ ಇಟ್ಟು ಮೊಬೈಲ್‌ನಲ್ಲಿ ಒಂದು ನಿಮಿಷ ವಿಡಿಯೋ ತೆಗೀತೀನಿ, ಕೈ ಹಾಕಿ ತಳದ ಹಣ್ಣು ಮೇಲೆ ತಂದು ತೋರಿಸ್ತೀನಿ. ಒಂದೆರಡು ಕೆಜಿ ಸ್ಯಾಂಪಲ್ ಬೇರೆ ಕವರಿಗೆ ಕಟ್ಟಿ ನಂಬರ್ ಬರೆದು ಇಡ್ತೀನಿ. ತೇವ ಇದ್ದರೆ ನಾನೇ ಅಂಗಡಿಯವರಿಗೆ ಹೇಳ್ತೀನಿ, ದರ ಹಾಕೋರಿಗೆ ಗೊತ್ತಾಗಲಿ ಅಂತ. ಮರೆಮಾಚಿದ ತೇವ ಸಂಜೆ ಹೊತ್ತಿಗೆ ದುಬಾರಿ ಆಗುತ್ತೆ.

ಮೂರು ವರ್ಷದ ಹಿಂದೆ ಒಬ್ಬ ಖರೀದಿದಾರರು ನನ್ನ ಹುಣಸೆಗೆ ಒಳ್ಳೆ ದರ ಹಾಕಿ, ತೂಕದ ಹೊತ್ತಿಗೆ ಮುನ್ನೂರು ಕಮ್ಮಿ ಕೇಳಿದರು. ನಾನು ಜಗಳ ಆಡಲಿಲ್ಲ. ಸ್ಯಾಂಪಲ್ ಕವರು ಮುಂದಿಟ್ಟು "ಬೆಳಗ್ಗೆ ನೀವು ನೋಡಿದ್ದು ಇದು, ಚೀಲದಲ್ಲಿರೋದು ಅದೇ. ವ್ಯತ್ಯಾಸ ಇದ್ದರೆ ತೋರಿಸಿ, ಇಲ್ಲಾಂದ್ರೆ ನಾಳೆ ಮತ್ತೆ ಟೆಂಡರ್‌ಗೆ ಇಡ್ತೀನಿ, ಕಾರಣ ಬರೆದು ಕೊಡಿ" ಅಂದೆ. ಬರೆದು ಕೊಡಿ ಅನ್ನೋ ಮಾತಿಗೆ ಬಹಳ ಶಕ್ತಿ ಇದೆ. ಬಾಯಲ್ಲಿ ತೇವ ಅಂದವರು ಕಾಗದದ ಮೇಲೆ ತೇವ ಅಂತ ಬರೆಯೋಕೆ ಹಿಂದೆ ಮುಂದೆ ನೋಡ್ತಾರೆ. ಹತ್ತು ನಿಮಿಷ ಗೊಣಗಿ, ಹಾಕಿದ ದರಕ್ಕೇ ತೂಕ ಮಾಡಿಸಿಕೊಂಡು ಹೋದರು.

ಕಾನೂನೂ ಸ್ವಲ್ಪ ಗೊತ್ತಿರಲಿ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಹರಾಜಿನ ಬಗ್ಗೆ ಇದೆ. ಸುತ್ತಿಗೆ ಬಡಿದಾಗ, ಅಥವಾ ರೂಢಿಯಲ್ಲಿರೋ ಬೇರೆ ರೀತಿಯಲ್ಲಿ ಮುಗೀತು ಅಂತ ಸಾರಿದಾಗ ಮಾರಾಟ ಪೂರ್ತಿ ಆಗುತ್ತೆ. ಅಲ್ಲಿವರೆಗೆ ದರ ಕೂಗಿದವನು ವಾಪಸ್ ತಗೋಬಹುದು. ಅಂದರೆ ಆಮೇಲೆ ಇಲ್ಲ. ನಾನು ತಿಳಿದುಕೊಂಡ ಹಾಗೆ ಇ-ಟೆಂಡರ್‌ನಲ್ಲಿ ರೈತನ ಒಪ್ಪಿಗೆಯೇ ಆ ಸುತ್ತಿಗೆ. ಅದೇ ಕಾಯ್ದೆಯ 54ನೇ ಕಲಂ ಇನ್ನೂ ಉಪಯೋಗದ್ದು: ಕೊಂಡವನು ದುಡ್ಡು ಕೊಡದಿದ್ದರೆ, ಮರುಮಾರಾಟ ಮಾಡ್ತೀನಿ ಅಂತ ನೋಟಿಸ್ ಕೊಟ್ಟು, ತಕ್ಕಷ್ಟು ಸಮಯ ಬಿಟ್ಟು ಬೇರೆಯವರಿಗೆ ಮಾರಬಹುದು, ಆದ ನಷ್ಟವನ್ನು ಮೊದಲನೆಯವನಿಂದ ಕೇಳಬಹುದು. ಬೇಗ ಕೆಡೋ ಮಾಲಾದರೆ ನೋಟಿಸ್ ಕೂಡ ಬೇಕಿಲ್ಲ. ನಾಲ್ಕೈದು ಸಾವಿರಕ್ಕೆ ಯಾರೂ ಕೋರ್ಟ್ ಮೆಟ್ಟಿಲು ಹತ್ತೋದಿಲ್ಲ, ಅದು ನನಗೂ ಗೊತ್ತು. ಆದರೆ ಮಾರುಕಟ್ಟೆ ಸಮಿತಿ ಕಾರ್ಯದರ್ಶಿಗೆ ಕೊಡೋ ದೂರಿನಲ್ಲಿ ಲಾಟ್ ನಂಬರ್, ತಾರೀಖು, ಟೆಂಡರ್ ದರ, ಮೆಸೇಜಿನ ಫೋಟೋ, ಖರೀದಿದಾರನ ಅಂಗಡಿ ಹೆಸರು, ಜೊತೆಗೆ ಈ ಕಲಂ ಇದ್ದರೆ ಮಾತಿನ ಧಾಟಿಯೇ ಬದಲಾಗುತ್ತೆ. ಲೈಸೆನ್ಸ್ ಕೊಡೋದು, ಅಮಾನತು ಮಾಡೋದು ಸಮಿತಿ ಕೈಯಲ್ಲಿದೆ. ದೂರಿನ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಆಚೆ ಬನ್ನಿ.

ಒಂದು ವಿನಾಯಿತಿ. 14,200 ಹಾಕೋ ಬದಲು ಬೆರಳು ಜಾರಿ 1,42,000 ಬಿದ್ದಿದ್ದರೆ ಅದು ನಿಜವಾದ ತಪ್ಪು, ಅದನ್ನು ಹಿಡಿದು ಕೂರಬೇಡಿ. 13,800 ಹಾಕೋಕೆ ಹೋಗಿ 14,200 ಬಿತ್ತು ಅನ್ನೋನ ಬೆರಳು ಮಾತ್ರ ಜಾರಿಲ್ಲ.

ತೂಕ, ಪಟ್ಟಿ, ಮುಂಗಡ

ಸೂಟಿನ ಬಗ್ಗೆ ಜಗಳ ಆಡೋದಕ್ಕಿಂತ ಹತ್ತು ಖಾಲಿ ಚೀಲ ಒಟ್ಟಿಗೆ ತೂಕಕ್ಕೆ ಹಾಕಿಸಿ. ಬಂದದ್ದನ್ನು ಹತ್ತರಿಂದ ಭಾಗಿಸಿದರೆ ಚೀಲದ ನಿಜವಾದ ತೂಕ ಸಿಗುತ್ತೆ. ಅಷ್ಟು ಕಳೆಯಲಿ, ಅದಕ್ಕಿಂತ ಹೆಚ್ಚಿಗೆ ಬೇಡ. ಕಮಿಷನ್ ಕೊಡಬೇಕಾದವನು ಕೊಂಡವನೇ ಹೊರತು ರೈತ ಅಲ್ಲ. ಪಟ್ಟಿಯಲ್ಲಿ ನಿಮ್ಮ ಹಣದಿಂದ ಕಮಿಷನ್ ಹಿಡಿದಿದ್ದರೆ ಕೇಳಿ. ಬಿಳಿ ಚೀಟಿ ಕೊಟ್ಟರೆ ತಗೋಬೇಡಿ, ಲಾಟ್ ನಂಬರ್ ಇರೋ ಪಟ್ಟಿಯೇ ಬೇಕು ಅನ್ನಿ. ಬಿಳಿ ಚೀಟಿ ಹಿಡಿದು ದೂರು ಕೊಡೋಕೆ ಹೋದರೆ ಅದರಲ್ಲಿ ಯಾರ ಹೆಸರೂ ಇರೋದಿಲ್ಲ.

"ಸಾರ್, ನೀವು ಹೇಳೋದೆಲ್ಲ ಸರಿ, ಆದರೆ ಅವರ ಹತ್ರ ನಲವತ್ತು ಸಾವಿರ ಮುಂಗಡ ತಗೊಂಡಿದೀನಿ, ಬೇಡ ಅನ್ನೋದು ಹೆಂಗೆ?" ಕುಣಿಗಲ್ ಕಡೆಯ ಒಬ್ಬರು ಕೇಳಿದ್ದು. ಇಡೀ ವಿಷಯದ ಗಂಟು ಇಲ್ಲಿದೆ. ಮಗಳ ಮದುವೆಗೋ, ಬೋರ್ ಕೊರೆಸೋಕೋ ಮಂಡಿಯಿಂದ ದುಡ್ಡು ತಂದವನಿಗೆ ದರ ಬೇಡ ಅನ್ನೋ ಹಕ್ಕು ಕಾಗದದ ಮೇಲೆ ಇದ್ದರೂ ಬಾಯಿಗೆ ಬರೋದಿಲ್ಲ. ಮಂಡಿಯವರೆಲ್ಲ ಕೆಟ್ಟವರು ಅಂತ ನಾನು ಹೇಳಲ್ಲ, ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಖರ್ಚಿಗೆ ದುಡ್ಡು ಕೊಟ್ಟ ಮಂಡಿಯವರೂ ಇದ್ದಾರೆ. ಆದರೆ ಸಾಲ ಒಂದು ಲೆಕ್ಕ, ಮಾಲು ಒಂದು ಲೆಕ್ಕ ಆಗಿರಲಿ. ಅವರಿಗೆ ನಾನು ಹೇಳಿದ್ದು ಇಷ್ಟು: ಮುಂಗಡ ಎಷ್ಟು, ಬಡ್ಡಿ ಎಷ್ಟು ಅಂತ ಬರೆಸಿಕೊಳ್ಳಿ. ಮಾಲು ಪೂರ್ತಿ ಒಂದೇ ದಿನ ತರಬೇಡಿ, ಮುಂಗಡ ತೀರುವಷ್ಟು ಮೊದಲು ಮಾರಿ, ಉಳಿದದ್ದನ್ನು ಸ್ವತಂತ್ರವಾಗಿ ಟೆಂಡರ್‌ಗೆ ಇಡಿ. ಹುಣಸೆಗೆ ಶೀತಲಗೃಹ ಇದೆ, ಅಲ್ಲಿಟ್ಟರೆ ಬಣ್ಣ ಬೇಗ ಕಪ್ಪಾಗಲ್ಲ. ಉಗ್ರಾಣದಲ್ಲಿಟ್ಟ ಮಾಲಿನ ಮೇಲೆ ಅಡಮಾನ ಸಾಲ ಸಿಗುತ್ತೆ. 2007ರ ಉಗ್ರಾಣ ಕಾಯ್ದೆ ಪ್ರಕಾರ ನೋಂದಣಿ ಆದ ಉಗ್ರಾಣದ ರಸೀದಿ ಇದ್ದರೆ ಬ್ಯಾಂಕಿನಲ್ಲೂ ಕೇಳಬಹುದು. ಬಾಡಿಗೆ, ಬಡ್ಡಿ ಎರಡೂ ಲೆಕ್ಕ ಹಾಕಿ ನೋಡಿ, ಎಲ್ಲ ವರ್ಷವೂ ಲಾಭ ಆಗೋದಿಲ್ಲ.

ಅಂಗಳದ ಆಚೆ ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಕೊಳ್ಳೋರು ಈಗ ಜಾಸ್ತಿ ಆಗಿದ್ದಾರೆ. ಒಳ್ಳೆಯವರೂ ಇದ್ದಾರೆ. ಆದರೆ ಅಲ್ಲಿ ಲಾಟ್ ಇಲ್ಲ, ಸಮಿತಿ ಇಲ್ಲ, ಲೈಸೆನ್ಸ್ ಇಲ್ಲ, ಹಾಗಾಗಿ ಹಣ ಖಾತೆಗೆ ಬಿದ್ದ ಮೇಲೆ ಲೋಡು, ಇದೊಂದೇ ನಿಯಮ. ಅವರು ಕಳಿಸೋ ಪಾವತಿ ಫೋಟೋ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆಯನ್ನೇ ನೋಡಿ. "ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಅಂದರೆ ಫೋನ್ ಇಟ್ಟುಬಿಡಿ. ಹಣ ಬರೋಕೆ ಪಿನ್ ಬೇಕಾಗಿಲ್ಲ, ಹೋಗೋಕೆ ಮಾತ್ರ ಬೇಕು. ಅಕಸ್ಮಾತ್ ಹೋಯ್ತು ಅಂದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆ ಸಹಾಯವಾಣಿಗೆ ಕರೆ ಮಾಡಿ, ತಡ ಆದಷ್ಟೂ ದುಡ್ಡು ತಡೆಹಿಡಿಯೋದು ಕಷ್ಟ. ನಂಬರ್ 1930. ಸರಕು ಮಾರಾಟ ಕಾಯ್ದೆಯ ಇಸವಿಯೂ ಅದೇ, ಹಾಗಾಗಿ ನೆನಪಿಟ್ಟುಕೊಳ್ಳೋದು ಸುಲಭ.