ಗುಗ್ಗುಳದ ಗಿಡ

ಹುಮನಾಬಾದಿನಿಂದ ಹೈದರಾಬಾದಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮನ್ನಾಏಖೇಳ್ಳಿ ಎಂಬ ಊರಿದೆ. ಈ ಸೀಮೆಯ ಜನರಿಗೆ ಹುಮನಾಬಾದಿನ ವೀರಭದ್ರೇಶ್ವರನು ಚಿರಪರಿಚಿತ ದೈವ. ವೀರಭದ್ರನ ಆರಾಧನೆಯಲ್ಲಿ ಗುಗ್ಗಳ ಸೇವೆಗೆ ವಿಶೇಷ ಸ್ಥಾನವುಂಟು. ಮಣ್ಣಿನ ಪಾತ್ರೆಯಲ್ಲಿ ಉರಿಯುವ ಬೆಂಕಿಯನ್ನು ಹೊತ್ತು ಭಕ್ತರು ಮೆರವಣಿಗೆಯಲ್ಲಿ ಸಾಗುತ್ತಾರೆ. ಆ ಸೇವೆಗೆ ಹೆಸರನ್ನಿತ್ತ ಧೂಪದ್ರವ್ಯವೇ ಗುಗ್ಗುಳ. ಅದರ ಹೊಗೆಯ ಪರಿಮಳವನ್ನು ಬಲ್ಲವರು ಅನೇಕರು. ಅದನ್ನು ಕೊಡುವ ಗಿಡವನ್ನು ಕಂಡವರು ವಿರಳ.

ಗುಗ್ಗುಳವು ಒಣನೆಲದ ಕುರುಚಲು ಗಿಡ. ರಾಜಸ್ಥಾನ, ಗುಜರಾತಿನ ಕಚ್ಛ್, ಪಾಕಿಸ್ತಾನದ ಸಿಂಧ್ ಪ್ರಾಂತಗಳು ಅದರ ಮುಖ್ಯ ನೆಲೆಗಳು. ಕರ್ನಾಟಕದ ಬಯಲುಸೀಮೆಯಲ್ಲಿಯೂ ಅದು ಅಲ್ಲಲ್ಲಿ ಕಂಡುಬರುತ್ತದೆ. ಅದು ಎತ್ತರಕ್ಕೆ ಬೆಳೆಯುವುದಿಲ್ಲ. ಅದರ ಕೊಂಬೆಗಳು ಗಂಟುಗಂಟಾಗಿ ತಿರುಚಿಕೊಂಡು ತುದಿಯಲ್ಲಿ ಮುಳ್ಳಾಗುತ್ತವೆ. ತೊಗಟೆಯು ತೆಳುವಾದ ಕಾಗದದಂತೆ ಸುಲಿದು ಬರುತ್ತದೆ. ವರ್ಷದ ಬಹುಭಾಗ ಅದು ಎಲೆಯಿಲ್ಲದೆ ಒಣಗಿದಂತೆ ನಿಂತಿರುತ್ತದೆ. ಮಳೆ ಬಿದ್ದೊಡನೆ ಚಿಗುರುತ್ತದೆ. ಕೆಂಪು ಛಾಯೆಯ ಅದರ ಹೂಗಳು ಬಹು ಚಿಕ್ಕವು.

ಕಾಂಡಕ್ಕೆ ಗಾಯವಾದಾಗ ಅಲ್ಲಿಂದ ಅಂಟು ಒಸರುತ್ತದೆ. ಗಾಯವನ್ನು ಮುಚ್ಚಿ ತನ್ನನ್ನು ರಕ್ಷಿಸಿಕೊಳ್ಳಲು ಗಿಡವು ಮಾಡಿಕೊಂಡ ಏರ್ಪಾಡು ಅದು. ಆ ಅಂಟೇ ಗಟ್ಟಿಯಾಗಿ ಗುಗ್ಗುಳವಾಗುತ್ತದೆ. ಅಥರ್ವವೇದದಲ್ಲಿ ಇದರ ಉಲ್ಲೇಖವಿದೆ. ಸುಶ್ರುತ ಸಂಹಿತೆಯು ಇದನ್ನು ಮೇದೋರೋಗಕ್ಕೆ ಔಷಧಿಯೆಂದು ಹೇಳುತ್ತದೆ. ಈ ಮಾತಿನ ಜಾಡು ಹಿಡಿದು ಡಾ. ಜಿ. ವಿ. ಸತ್ಯವತಿಯವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ, ಮೊಲಗಳ ರಕ್ತದಲ್ಲಿನ ಕೊಲೆಸ್ಟರಾಲನ್ನು ಗುಗ್ಗುಳವು ತಗ್ಗಿಸುವುದೆಂದು 1966ರಲ್ಲಿ ತೋರಿಸಿಕೊಟ್ಟರು. ಆದರೆ 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಮನುಷ್ಯರಲ್ಲಿ ಆ ಫಲ ಕಾಣಲಿಲ್ಲ. ಹೀಗೆ ಅದರ ಗುಣದ ವಿಚಾರದಲ್ಲಿ ವಿಜ್ಞಾನದ ಪರಿಶೀಲನೆ ನಡೆದೇ ಇದೆ. ಅಂಟಿನ ಬೇಡಿಕೆ ಮಾತ್ರ ಕುಗ್ಗಿಲ್ಲ.

ಈ ಬೇಡಿಕೆಯೇ ಗಿಡಕ್ಕೆ ಮುಳುವಾಯಿತು. ಗುಗ್ಗುಳವು ನಿಧಾನವಾಗಿ ಬೆಳೆಯುವ ಗಿಡ. ಅಂಟು ತೆಗೆಯಲು ತಕ್ಕಷ್ಟು ಬಲಿಯಬೇಕಾದರೆ ಹಲವು ವರ್ಷಗಳು ಬೇಕು. ಹಿತಮಿತವಾಗಿ ಗೀರಿ ಕಾದರೆ ಅದು ಮತ್ತೆ ಮತ್ತೆ ಅಂಟನ್ನು ಕೊಡಬಲ್ಲದು. ಆದರೆ ಹೆಚ್ಚಿನ ಲಾಭದ ಆಸೆಯಿಂದ ಕಾಂಡವನ್ನು ಆಳವಾಗಿ ಕಡಿದು, ಗಾಯಕ್ಕೆ ರಾಸಾಯನಿಕಗಳನ್ನು ಹಚ್ಚಿ, ಒಂದೇ ಸಲಕ್ಕೆ ಎಲ್ಲವನ್ನೂ ಹಿಂಡುವ ಪದ್ಧತಿ ಹಬ್ಬಿತು. ಹಾಗೆ ಹಿಂಡಿಸಿಕೊಂಡ ಗಿಡವು ಸತ್ತುಹೋಗುತ್ತದೆ.

ಸತ್ತ ಗಿಡದ ಸ್ಥಾನವನ್ನು ಹೊಸ ಗಿಡವು ಬೇಗನೆ ತುಂಬುವುದೂ ಇಲ್ಲ. ಗುಗ್ಗುಳದ ಬೀಜಗಳಲ್ಲಿ ಮೊಳೆಯುವವು ಕಡಿಮೆ. ಇದರ ಬೀಜಗಳು ಪರಾಗಸ್ಪರ್ಶವಿಲ್ಲದೆಯೇ ಬೆಳೆಯಬಲ್ಲವೆಂದು ಕೆ. ಆರ್. ಶಿವಣ್ಣ, ಎಚ್. ವೈ. ಮೋಹನರಾಮ್ ಅವರನ್ನೊಳಗೊಂಡ ವಿಜ್ಞಾನಿಗಳ ತಂಡವು 1996ರಲ್ಲಿ ಪ್ರಕಟಿಸಿತು. ಅಂತಹ ಬೀಜದಿಂದ ಹುಟ್ಟಿದ ಸಸಿಯು ತಾಯಿಗಿಡದ ಪ್ರತಿರೂಪವಾಗಿರುತ್ತದೆ. ಒಂದೇ ಬಗೆಯ ಗಿಡಗಳಿಗೆ ಹೊಸ ರೋಗವನ್ನಾಗಲಿ, ಬದಲಾಗುವ ಹವೆಯನ್ನಾಗಲಿ ಎದುರಿಸುವ ಶಕ್ತಿ ಕಡಿಮೆ. ಈ ಕಾರಣದಿಂದ ಒಂದು ಪ್ರದೇಶದ ಗಿಡಗಳು ನಾಶವಾದರೆ ಆ ನಷ್ಟ ಸುಲಭವಾಗಿ ತುಂಬಿಬರುವುದಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಗುಗ್ಗುಳವನ್ನು ಅಳಿವಿನ ತೀವ್ರ ಅಪಾಯಕ್ಕೆ ಸಿಲುಕಿದ ಸಸ್ಯಗಳ ಪಟ್ಟಿಗೆ ಸೇರಿಸಿದೆ.

ಹಾಗೆಂದು ನಿರಾಶೆಗೆ ಕಾರಣವಿಲ್ಲ. ಬಲಿತ ಕೊಂಬೆಯ ತುಂಡುಗಳನ್ನು ನೆಟ್ಟರೆ ಬೇರೊಡೆದು ಗುಗ್ಗುಳವು ಬೆಳೆಯುತ್ತದೆ. ಅದಕ್ಕೆ ಫಲವತ್ತಾದ ಹೊಲ ಬೇಡ, ಹೆಚ್ಚು ನೀರೂ ಬೇಡ. ಬೇರೇನೂ ಬೆಳೆಯದೆಂದು ಕೈಬಿಟ್ಟ ಕಲ್ಲುನೆಲವೇ ಅದಕ್ಕೆ ಸಾಕು. ಇಂತಹ ನೆಲವನ್ನು ಜನರು ಬಂಜರೆಂದು ಕರೆಯುವುದುಂಟು. ತಲೆತಲಾಂತರದಿಂದ ದೇವರ ಧೂಪಕ್ಕೂ ರೋಗಿಯ ಔಷಧಿಗೂ ಒದಗಿಬಂದ ವಸ್ತುವು ಅಂತಹ ಬಂಜರಿನ ಕೊಡುಗೆಯೇ ಆಗಿದೆ. ಅದನ್ನು ಪಡೆಯುವ ಕೈಗೆ ನೆಟ್ಟು ಕಾಯುವ ತಾಳ್ಮೆಯೂ ಇರಬೇಕು. ಆಗ ಮಾತ್ರ ಆ ಪರಿಮಳವು ಮುಂದಿನ ತಲೆಮಾರಿಗೆ ಉಳಿದೀತು.