ಬೇಲಿ ಕಾಯುವವರಿಗೂ ಬಿಲ್ ಇರಲಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕರಡು ಓದಿದೆ. ಜರ್ಸಿ ಸಿಟಿಯ ರಸ್ತೆ ಕಾಮಗಾರಿಗೆ ಟೆಂಡರ್ ಷರತ್ತು ಬರೆಯುವ ತಂಡಕ್ಕೆ ನಿನ್ನನ್ನು ಸೇರಿಸಿಕೊಂಡದ್ದು ಸಂತೋಷ. ಕೆಲಸ ನಡೆಯುವಾಗ ಮಣ್ಣು ಕೊಚ್ಚಿಹೋಗದಂತೆ ನೋಡಿಕೊಂಡ ಗುತ್ತಿಗೆದಾರನಿಗೆ ಬೋನಸ್, ನೋಡಿಕೊಳ್ಳದವನಿಗೆ ಕಡಿತ ಎಂದು ಬರೆದು, "ಇದು ನಡೆಯುತ್ತದಾ ಮಾವ?" ಅಂತ ಕೇಳಿದ್ದೀಯ. ಈ ಕಸುಬಿಗೆ ಬಂದ ನಮ್ಮ ಹುಡುಗ ಹುಡುಗಿಯರು ಅಲ್ಲೂ ಇಲ್ಲೂ ಬಹಳ ಇದ್ದಾರಾದ್ದರಿಂದ ಉತ್ತರವನ್ನು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಸಂಗತಿ. ಭಾರತದ ಹೆದ್ದಾರಿ ಕೆಲಸಕ್ಕೆಲ್ಲ ಆಧಾರವಾದ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಗಳ ಪುಸ್ತಕದಲ್ಲಿ 306ನೆಯ ಕಲಮು ಇರುವುದೇ ಮಣ್ಣಿನ ಸವಕಳಿ, ಹೂಳು ತಡೆಯುವುದಕ್ಕೆ. ಬದು, ಹೂಳುಗುಂಡಿ, ಹುಲ್ಲಿನ ಹೊದಿಕೆ, ಇಳಿಜಾರಿನ ಕಾಲುವೆ ಎಲ್ಲದರ ಹೆಸರೂ ಅಲ್ಲಿದೆ. ಕೊನೆಗೆ ಹಣದ ಮಾತು ಬಂದಾಗ ಮಾತ್ರ, ತಾತ್ಕಾಲಿಕ ಕೆಲಸಗಳೆಲ್ಲ ಮಣ್ಣು ಕೆಲಸದ ದರದಲ್ಲೇ ಸೇರಿವೆ, ಪ್ರತ್ಯೇಕ ಪಾವತಿ ಇಲ್ಲ ಎಂದುಬಿಡುತ್ತದೆ. ಲೋಕೋಪಯೋಗಿ ಇಲಾಖೆಯಲ್ಲಿದ್ದಷ್ಟು ಕಾಲ ಆ ಸಾಲಿನ ಫಲ ನೋಡಿದ್ದೇನೆ. ಅಳತೆ ಪುಸ್ತಕಕ್ಕೆ ಏರದ ಕೆಲಸ ಸೈಟಿನಲ್ಲಿ ಆಗುವುದಿಲ್ಲ. ಹೂಳುಗುಂಡಿಯ ಖರ್ಚನ್ನೂ ಸೇರಿಸಿ ದರ ಬರೆದ ಪ್ರಾಮಾಣಿಕ, ಟೆಂಡರ್ ತೆರೆದ ದಿನವೇ ಸೋತಿರುತ್ತಾನೆ. ಮಳೆಗಾಲದಲ್ಲಿ ಕೆಂಪು ನೀರು ಗದ್ದೆಗೆ ನುಗ್ಗಿದ ಮೇಲೆ ಒಂದು ನೋಟಿಸು ಹೋಗುತ್ತದೆ, ಒಂದು ಉತ್ತರ ಬರುತ್ತದೆ, ಕಡತ ಮುಚ್ಚುತ್ತದೆ.

ನಿಮ್ಮ ನ್ಯೂಜೆರ್ಸಿ ನಮಗಿಂತ ಎಷ್ಟೋ ಮುಂದಿದೆ. 1975ರ ಕಾನೂನಿನ ಪ್ರಕಾರ 5,000 ಚದರ ಅಡಿಗಿಂತ ಹೆಚ್ಚು ನೆಲ ಕೆದಕುವ ಕಾಮಗಾರಿಗೆ ಸವಕಳಿ ತಡೆಯುವ ಯೋಜನೆ ಬೇಕು. ನಿಮ್ಮ ಊರಿನ ಮಟ್ಟಿಗೆ ಅದಕ್ಕೆ ಒಪ್ಪಿಗೆ ಕೊಡುವುದು ಹಡ್ಸನ್-ಎಸೆಕ್ಸ್-ಪಸ್ಸೇಯಿಕ್ ಮಣ್ಣು ಸಂರಕ್ಷಣಾ ಜಿಲ್ಲೆ ಎಂಬ ಸಂಸ್ಥೆ. ತಪ್ಪಿದರೆ ದಿನಕ್ಕೆ 25ರಿಂದ 3,000 ಡಾಲರ್ ದಂಡ. ದೊಡ್ಡ ರಸ್ತೆ ಕೆಲಸದಲ್ಲಿ 3,000 ಡಾಲರ್ ಎಂದರೆ ಚಿಲ್ಲರೆ. ಗುತ್ತಿಗೆದಾರ ಹೆದರುವುದು ಕೆಲಸ ನಿಲ್ಲಿಸುವ ಆದೇಶಕ್ಕೆ. ರಾಜ್ಯ ಸಾರಿಗೆ ಇಲಾಖೆಯ ನಿರ್ದಿಷ್ಟತೆಗಳಲ್ಲಿ 158ನೆಯ ವಿಭಾಗವಿಡೀ ಇದಕ್ಕೇ ಮೀಸಲು. ಹೂಳು ತಡೆಯುವ ಬಟ್ಟೆಯ ಬೇಲಿಗೆ, ಅಂದರೆ ಸಿಲ್ಟ್ ಫೆನ್ಸಿಗೆ, ಅಡಿ ಲೆಕ್ಕದಲ್ಲಿ ಹಣವೂ ಉಂಟು.

ಆದರೆ ಅಡಿ ಲೆಕ್ಕಕ್ಕೂ ಅದರದೇ ರೋಗವಿದೆ. ಬೇಲಿ ನಿಲ್ಲಿಸಿದ ದಿನ ಬಿಲ್ ಪಾಸಾದರೆ, ವರ್ಷದ ಕೂಲಿಯನ್ನು ಮೊದಲೇ ಇಸಿದುಕೊಂಡ ತೋಟದ ಕಾವಲುಗಾರನ ಹಾಗೆ ಗುತ್ತಿಗೆದಾರ ಅತ್ತ ತಲೆಹಾಕುವುದಿಲ್ಲ. ಹೂಳು ಅರ್ಧ ಎತ್ತರಕ್ಕೆ ಬಂದಿರುತ್ತದೆ, ಬಟ್ಟೆ ಗೂಟದಿಂದ ಕಳಚಿರುತ್ತದೆ, ಬಿಲ್ ಮಾತ್ರ ನೆಟ್ಟಗೆ ನಿಂತಿರುತ್ತದೆ. ಹಾಗಾಗಿ ಬೋನಸಿನ ವಿಚಾರಕ್ಕೆ ಹೋಗುವ ಮೊದಲು ಪಾವತಿಯನ್ನೇ ಒಡೆದು ಬರೆ. ಅರ್ಧ, ನಿಲ್ಲಿಸಿದಾಗ. ಉಳಿದದ್ದರಲ್ಲಿ ಬಹುಪಾಲು, ನಿರ್ವಹಣೆ ನೋಡಿ ತಿಂಗಳು ತಿಂಗಳು. ಕೊನೆಯ ಕಂತು, ಹುಲ್ಲು ಬೇರುಬಿಟ್ಟು ಬೇಲಿ ಕಿತ್ತಮೇಲೆ. ಉತ್ತರ ಕ್ಯಾರೊಲಿನಾದವರ ಗುತ್ತಿಗೆಗಳಲ್ಲಿ ಇನ್ನೊಂದು ಜಾಣ ಐಟಂ ಉಂಟು: ಸವಕಳಿ ತಡೆಯುವ ಕೆಲಸಕ್ಕೆಂದು ತಂಡ ಕರೆತಂದು ಸರಿಯಾಗಿ ಮುಗಿಸಿದ ಪ್ರತಿ ಸಲಕ್ಕೂ ಇಷ್ಟು ಎಂದು ಹಣ. ಅದನ್ನು ನಾಚದೆ ಎರವಲು ತಾ.

ನಿನ್ನ ಊರಿನಲ್ಲಿ ಬೇಲಿಗಿಂತ ಮುಖ್ಯವಾದದ್ದು ಚರಂಡಿಯ ಬಾಯಿ. ಜರ್ಸಿ ಸಿಟಿಯ ಹಳೆಯ ಕೊಳವೆಗಳಲ್ಲಿ ಮಳೆನೀರೂ ಕೊಳಚೆನೀರೂ ಒಟ್ಟಿಗೇ ಹರಿಯುತ್ತವೆ. ಜೋರು ಮಳೆ ಬಂದರೆ ಉಕ್ಕಿ ಹಡ್ಸನ್, ಹ್ಯಾಕೆನ್‌ಸ್ಯಾಕ್ ನದಿಗಳಿಗೆ ಬೀಳುತ್ತವೆ. ರಸ್ತೆಯಿಂದ ಇಳಿದ ಪ್ರತಿ ಬುಟ್ಟಿ ಹೂಳೂ ಆ ಕೊಳವೆಯ ಜಾಗ ತಿನ್ನುತ್ತದೆ. ಮೇಲಾಗಿ ಅಲ್ಲಿನ ನೆಲದಲ್ಲಿ ಬಹಳಷ್ಟು ತುಂಬಿಸಿದ್ದು. ಹಿಂದಿನ ಕ್ರೋಮಿಯಂ ಕಾರ್ಖಾನೆಗಳ ಗಸಿಯನ್ನೂ ಊರಲ್ಲಿ ಎಷ್ಟೋ ಕಡೆ ತುಂಬಿದ್ದಾರೆ. ಕೆಳ ಹ್ಯಾಕೆನ್‌ಸ್ಯಾಕ್ ನದಿಯನ್ನು 2022ರಲ್ಲಿ ಅತಿ ಕಲುಷಿತ ಜಾಗಗಳ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿದ್ದೂ ಸುಮ್ಮನೆ ಅಲ್ಲ. ಅಂಥ ಮಣ್ಣು ಜಾರಿದರೆ ಕೆಸರು ಮಾತ್ರ ಜಾರಿದ ಹಾಗಲ್ಲ. ಚರಂಡಿ ಬಾಯಿಗೆ ಹಾಕುವ ಸೋಸುಚೀಲ ಕಟ್ಟಿಕೊಂಡರೆ ಬೀದಿಯಲ್ಲಿ ನೀರು ನಿಲ್ಲುತ್ತದೆ, ಕಾರಿನವರು ಬೈಯುತ್ತಾರೆ, ಮೇಸ್ತ್ರಿ ಚೀಲವನ್ನೇ ಎತ್ತಿಬಿಡುತ್ತಾನೆ. ಮಳೆಗೆ ಮುಂಚೆ ಚೀಲ ಬಳಿದು ಖಾಲಿ ಮಾಡಿದ್ದಕ್ಕೆ ಹಣ ಕೊಡುವ ಸಾಲು ನಿನ್ನ ಕರಡಿನಲ್ಲಿ ಇಲ್ಲ. ಸೇರಿಸು.

ಈಗ ಬೋನಸ್. "ಉಲ್ಲಂಘನೆ ಇಲ್ಲದ ತಿಂಗಳಿಗೆ ಇಷ್ಟು" ಎಂದು ಬರೆದಿದ್ದೀಯ. ಇದು ನನಗೆ ಒಪ್ಪಿಗೆಯಿಲ್ಲ. ಹಾಗೆ ಬರೆದರೆ ಗುತ್ತಿಗೆದಾರ ಮಣ್ಣು ತಡೆಯುವುದಕ್ಕಿಂತ ಮೊದಲು ಸುದ್ದಿ ತಡೆಯಲು ಕಲಿಯುತ್ತಾನೆ. ತಾನಾಗಿ ಬಂದು "ಇಲ್ಲಿ ಒಡೆದಿದೆ, ಸಂಜೆಯೊಳಗೆ ಸರಿಮಾಡಿದೆ" ಎಂದವನ ಬೋನಸ್ ಉಳಿಯಲಿ, ನಿಮ್ಮ ಇನ್‌ಸ್ಪೆಕ್ಟರ್ ಹುಡುಕಿ ಹಿಡಿದದ್ದಕ್ಕೆ ಹೋಗಲಿ. ಎಷ್ಟು ಮಳೆಯವರೆಗೆ ಅವನ ಹೊಣೆ ಎಂಬುದನ್ನೂ ಅಂಗುಲದಲ್ಲೇ ಬರೆ. 2021ರ ಸೆಪ್ಟೆಂಬರ್ 1ರಂದು ಐಡಾ ಚಂಡಮಾರುತದ ಬಾಲ ಪಕ್ಕದ ನ್ಯೂಆರ್ಕ್‌ನಲ್ಲಿ ಒಂದೇ ದಿನ 8.41 ಅಂಗುಲ ಸುರಿಸಿತು. ಅಂಥ ರಾತ್ರಿ ಯಾವ ಬೇಲಿಯೂ ನಿಲ್ಲದು, ಯಾರ ಬೋನಸನ್ನೂ ಕಿತ್ತುಕೊಳ್ಳುವುದು ನ್ಯಾಯವಲ್ಲ. ಮತ್ತೆ, ಬೋನಸ್ ಮುಖ್ಯ ಗುತ್ತಿಗೆದಾರನ ಖಾತೆಗೆ ಬೀಳುತ್ತದೆ. ಬೇಲಿ ನೋಡಿಕೊಳ್ಳುವವನು ಸಾಮಾನ್ಯವಾಗಿ ಉಪಗುತ್ತಿಗೆದಾರ. ಅವನ ಪಾಲನ್ನು ಕಾಗದದಲ್ಲೇ ಕಾಣಿಸು.

ಕಡಿತದ ವಿಷಯದಲ್ಲಿ ಕೈ ಬಿಗಿ ಹಿಡಿ. ಆಗುವ ನಷ್ಟದ ಸಾಧಾರಣ ಅಂದಾಜಿಗಿಂತ ಬಹಳ ಮೇಲೆ ಹೋದರೆ ಅದು ಶಿಕ್ಷೆ ಎನಿಸಿಕೊಂಡು ಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ನಮ್ಮಲ್ಲೂ 1872ರ ಕರಾರು ಕಾಯ್ದೆಯ 74ನೆಯ ಕಲಮು ನ್ಯಾಯವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ. ಫೆಡರಲ್ ಹಣದ ಕೆಲಸವಾದರೆ ಇನ್ನೊಂದು ಆಸರೆ ನಿನಗಿದೆ: ಗುತ್ತಿಗೆದಾರನ ಅಲಕ್ಷ್ಯದಿಂದ ಬೇಕಾದ ಸವಕಳಿ ರಿಪೇರಿಗೆ ಆ ಹಣ ಬಳಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ.

ನಿನ್ನ ಕರಡಿನಲ್ಲಿ ನನ್ನನ್ನು ನಿಜಕ್ಕೂ ಕಾಡಿದ್ದು ಬೇರೆ ಪುಟ. ಕೆಲಸ ಬೇಗ ಮುಗಿಸಿದರೆ ದಿನ ಲೆಕ್ಕದಲ್ಲಿ ಬೋನಸ್ ಎಂದು ಅಲ್ಲಿದೆ. ಮಣ್ಣಿನ ಬೋನಸಿಗಿಂತ ಎಷ್ಟೋ ದೊಡ್ಡದು. ಎರಡೂ ಒಂದೇ ಗುತ್ತಿಗೆಯಲ್ಲಿದ್ದರೆ ಅವನು ಯಾವುದರ ಹಿಂದೆ ಓಡುತ್ತಾನೆ ಹೇಳು? ಯಂತ್ರಗಳನ್ನೆಲ್ಲ ಒಮ್ಮೆಗೇ ಇಳಿಸಿ ಇಡೀ ಉದ್ದಕ್ಕೂ ನೆಲ ಬಿಚ್ಚಿಬಿಡುತ್ತಾನೆ. ಬಿಚ್ಚಿದ ಕಾಮಗಾರಿ ನೆಲದಿಂದ ಹರಿಯುವ ಹೂಳು ಹೊಲಕ್ಕಿಂತ 10–20 ಪಟ್ಟು, ಕಾಡಿಗಿಂತ 1,000–2,000 ಪಟ್ಟು ಎಂದು ನಿಮ್ಮ ಫೆಡರಲ್ ಪರಿಸರ ಸಂಸ್ಥೆಯೇ ಹೇಳಿದೆ. ಬೇಲಿ, ಚೀಲ, ಹುಲ್ಲು ಎಲ್ಲವೂ ಅದರ ಮುಂದೆ ತೇಪೆ. ಒಂದು ಸಲಕ್ಕೆ ಎಷ್ಟು ನೆಲ ಬಿಚ್ಚಬಹುದೆಂದು ಮಿತಿ ಹಾಕು. ಹಿಂದಿನ ತುಂಡು ಮುಚ್ಚಿ ಹುಲ್ಲು ಹಾಕದೆ ಮುಂದಿನದಕ್ಕೆ ಅಪ್ಪಣೆ ಕೊಡಬೇಡ. ಬೇಗ ಮುಗಿಸಿದ ಬೋನಸ್ ಕೈಗೆ ಬರಬೇಕಾದರೆ ಮಣ್ಣಿನ ಷರತ್ತು ಪೂರ್ತಿಯಾಗಿರಬೇಕು ಎಂದು ಎರಡನ್ನೂ ಗಂಟು ಹಾಕು. ತಂಡದ ಹಿರಿಯರು ಮುಖ ಗಂಟಿಕ್ಕಬಹುದು. ಬೇರೆ ಯಾವ ಸಾಲನ್ನು ಬಿಟ್ಟುಕೊಟ್ಟರೂ ಇದೊಂದನ್ನು ಬಿಡಬೇಡ. ತಿದ್ದಿದ ಕರಡನ್ನು ಟೆಂಡರ್ ಹೊರಡುವ ಮೊದಲು ನನಗೊಮ್ಮೆ ಕಳಿಸು.

ನಿನ್ನ ಮಾವ